ಆ ವಿಡಿಯೊ ನಮಗೆ ಕಳಿಸಬೇಡಿ

ಗಂಗಾವತಿಯ ಓದುಗರೊಬ್ಬರ ಪತ್ರದ ಸಾರ: “ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಭತ್ತದ ದರ ಹಾಕುವ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಮೂರು ದಿನಗಳ ಹಿಂದೆ ಯಾರೋ ಪುಟ್ಟ ಮಗುವೊಂದರ ಅಶ್ಲೀಲ ವಿಡಿಯೊ ಹಾಕಿದರು. ‘ಅಳಿಸಿ ಸುಮ್ಮನಿರಿ’ ಎಂದರು ಹಿರಿಯರು. ನಾನು ಸಾಕ್ಷಿಗೆಂದು ಇಟ್ಟುಕೊಂಡಿದ್ದೇನೆ. ಬೇಕಾದರೆ ಕಳಿಸುತ್ತೇನೆ, ಬರೆಯಿರಿ. ಹಾಕಿದವನು ದಿಲ್ಲಿಯಲ್ಲಿದ್ದಾನೋ ದುಬೈಯಲ್ಲಿದ್ದಾನೋ, ಕೊಪ್ಪಳದ ಪೊಲೀಸರಿಗೆ ಸಿಕ್ಕಾನೆಯೇ?”

ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವವರೆಗೆ ಕಾಯುವ ವಿಷಯವಲ್ಲ ಇದು. ಹಾಗಾಗಿ ಪತ್ರ ಬಂದ ದಿನವೇ ಫೋನ್ ಮಾಡಿ ಠಾಣೆಗೆ ಹೋಗಿ ಎಂದಿದ್ದೆ. ಉಳಿದವರಿಗಾಗಿ ಈ ವಿವರ.

ನಮಗೆ ಕಳಿಸಬೇಡಿ, ಯಾರಿಗೂ ಕಳಿಸಬೇಡಿ. ಸದುದ್ದೇಶದಿಂದ ದಾಟಿಸಿದರೂ ಆ ಮಗುವಿನ ಗತಿಯನ್ನು ಇನ್ನೊಬ್ಬರು ನೋಡಿದಂತಾಯಿತು. ದೂರು ಕೊಡುವುದಕ್ಕಾಗಿ ಉಳಿಸಿಕೊಳ್ಳುವುದು ಬೇರೆ, ಉಳಿಸಿಕೊಂಡು ಸುಮ್ಮನಿರುವುದು ಬೇರೆ. ಮೂರು ದಿನ ಹೆಚ್ಚಾಯಿತು. ಇನ್ನು ನಿಮ್ಮ ಹಿರಿಯರ ಬುದ್ಧಿಮಾತು: ಗೊತ್ತಿದ್ದೂ ತಿಳಿಸದಿರುವುದು ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಶಿಕ್ಷಾರ್ಹ, ಆರು ತಿಂಗಳವರೆಗೆ ಸೆರೆವಾಸವಿದೆ. ಅಂದಹಾಗೆ ‘ಅಶ್ಲೀಲ’ ಎಂಬ ಪದ ನಮ್ಮ ಪತ್ರಿಕೆಯಲ್ಲೂ ಹಿಂದೆ ಬಂದಿದೆ. ‘ಮಕ್ಕಳ ಅಶ್ಲೀಲ ಚಿತ್ರ’ ಎನ್ನದೆ ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎನ್ನಬೇಕೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಹೇಳಿತು. ಸರಿಯಾದ ಮಾತು. ಅದು ಚಿತ್ರವಲ್ಲ, ನಡೆದ ಅಪರಾಧ.

ಸಿಕ್ಕಾನೆಯೇ ಎಂದಿರಿ. ಪ್ರತಿ ಚಿತ್ರಕ್ಕೂ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆಯಬಹುದು. ಮೈಕ್ರೊಸಾಫ್ಟ್ 2009ರಲ್ಲಿ ತಂದ ಫೋಟೊಡಿಎನ್‌ಎ ಮಾಡುವ ಕೆಲಸ ಇದೇ. ಹಿಂದೆ ಪತ್ತೆಯಾದ ಚಿತ್ರವೊಂದು ಮತ್ತೆ ಬಂದರೆ, ಅಳತೆ ಬದಲಿಸಿದ್ದರೂ ಗುರುತು ಹಿಡಿಯುತ್ತದೆ. ಹಾಗೆ ಸಿಕ್ಕಿದ್ದನ್ನು ಅಮೆರಿಕದ ಕಂಪನಿಗಳು ಅಲ್ಲಿನ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ತಿಳಿಸಲೇಬೇಕು. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2019ರಲ್ಲಿ ಆ ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಭಾರತಕ್ಕೆ ಸಂಬಂಧಿಸಿದ ಸುಳಿವುಗಳು ರಾಜ್ಯಗಳ ಪೊಲೀಸರಿಗೂ, ಅಲ್ಲಿಂದ ಜಿಲ್ಲೆಗಳಿಗೂ ಬರುತ್ತಿವೆ. ಬರುವುದು ಒಂದು ಐಪಿ ವಿಳಾಸ (ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಒಂದು ಸಮಯ. ಸಮಯ ಹಲವು ಸಲ ಗ್ರೀನಿಚ್ ಲೆಕ್ಕದಲ್ಲಿರುತ್ತದೆ. ಐದೂವರೆ ಗಂಟೆ ಕೂಡಿಸಲು ಮರೆತರೆ ತನಿಖೆ ಯಾರದೋ ಮನೆಯ ಬಾಗಿಲು ತಟ್ಟುತ್ತದೆ. ಒಂದೇ ವಿಳಾಸವನ್ನು ನೂರಾರು ಮೊಬೈಲ್‌ಗಳು ಹಂಚಿಕೊಳ್ಳುವುದೂ ಉಂಟು. ಆದ್ದರಿಂದ ಸೆಕೆಂಡಿನವರೆಗಿನ ನಿಖರತೆ ಬೇಕು.

ಆದರೆ ನಿಮ್ಮ ಗುಂಪಿನ ವಿಷಯದಲ್ಲಿ ಈ ಯಂತ್ರ ಕುರುಡು. ವಾಟ್ಸ್‌ಆ್ಯಪ್ ಸಂದೇಶ ಬೀಗ ಹಾಕಿಕೊಂಡೇ ಸಾಗುತ್ತದೆ, ಕಂಪನಿಗೂ ಕಾಣುವುದಿಲ್ಲ. ಗುಂಪಿನಲ್ಲಿದ್ದವರು ಹೇಳಿದರಷ್ಟೇ ಹೊರಗೆ ಗೊತ್ತಾಗುವುದು. ನೀವು ನೋಡಿದ್ದೀರಿ. ಹಾಕಿದವನ ಮೊಬೈಲ್ ಸಂಖ್ಯೆ, ಗುಂಪಿನ ಹೆಸರು, ದಿನ, ಗಂಟೆ, ಇಷ್ಟನ್ನು ಬರೆದುಕೊಂಡು ಫೋನ್ ಸಮೇತ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಕೊಪ್ಪಳದ ಸಿಇಎನ್ ಠಾಣೆಗೆ ಹೋಗಿ. ಗಂಗಾವತಿಯ ಠಾಣೆಯಾದರೂ ಸರಿ.

ಇಂಥ ವಿಡಿಯೊದಲ್ಲಿ ತನಿಖಾಧಿಕಾರಿ ಮಗುವಿನಷ್ಟೇ ಗಮನವಿಟ್ಟು ಗೋಡೆಯನ್ನೂ ನೋಡುತ್ತಾನೆ. ಕ್ಯಾಲೆಂಡರ್, ಸ್ವಿಚ್ ಬೋರ್ಡ್, ಹೊದಿಕೆ, ಹಿಂದಿನಿಂದ ಕೇಳುವ ಮಾತು. ಯುರೋಪಿನ ದೇಶಗಳ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ 2017ರಿಂದ ಇಂಥ ವಸ್ತುಗಳ ಚಿತ್ರವನ್ನಷ್ಟೇ ಕತ್ತರಿಸಿ ಅಂತರ್ಜಾಲದಲ್ಲಿ ಹಾಕಿ, ಇದು ಯಾವ ಊರಿನದು ಎಂದು ಜನರನ್ನೇ ಕೇಳುತ್ತಿದೆ. ಚೀಲವೊಂದರ ಮೇಲಿನ ಅಕ್ಷರ ಮಗುವಿರುವ ಊರನ್ನು ತೋರಿಸಬಲ್ಲದು. ನಿಮ್ಮ ಫೋನಿನಲ್ಲಿರುವುದು ಹಳೆಯದೋ, ಈಗಲೂ ಅದೇ ಮನೆಯಲ್ಲಿರುವ ಮಗುವಿನದೋ, ಹೇಳಬಲ್ಲವರು ತನಿಖಾಧಿಕಾರಿಗಳೇ.

ಠಾಣೆಯ ಮೆಟ್ಟಿಲು ಹತ್ತಲು ಅಂಜಿಕೆಯೆಂದು ಫೋನಿನಲ್ಲಿ ಹೇಳಿದಿರಿ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಗುವಿಗೆ ಅಪಾಯವಿದೆ ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನಿಮ್ಮ ಹೆಸರನ್ನಾಗಲಿ ಗಿರಣಿಯ ಹೆಸರನ್ನಾಗಲಿ ನಾವು ಅಚ್ಚು ಹಾಕಿಲ್ಲ.

— ಸಂಪಾದಕ