ಮೆಂಟೆನೆನ್ಸ್-ಫ್ರೀ ಬೇರಿಂಗ್ ಇರುವ ಟ್ರಾವೆಲ್ ಟ್ರೇಲರ್ ಕೊಂಡರೆ ಚಕ್ರ ಬಿಚ್ಚುವ ರಗಳೆ ತಪ್ಪುತ್ತದೆಯೇ?

"ವರ್ಷಕ್ಕೊಮ್ಮೆ ಚಕ್ರ ಬಿಚ್ಚಿ ಗ್ರೀಸ್ ಹಾಕುವ ರಗಳೆ ಬೇಡ, ಅದಕ್ಕೆ ಜಾಸ್ತಿ ದುಡ್ಡು ಕೊಟ್ಟರೂ ಪರವಾಗಿಲ್ಲ" ಅಂತ ಬರೆದಿದ್ದೀರಲ್ಲ, ಆರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ.

ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಜೂನ್ ಬಂತೆಂದರೆ ಮನೆಯ ಹೊರಗೆ ಕಾಲಿಡುವ ಹಾಗಿಲ್ಲ. ಶುಕ್ರವಾರ ಸಂಜೆ ಟ್ರಕ್ಕಿಗೆ ಟ್ರೇಲರ್, ಅಂದರೆ ಎಳೆದುಕೊಂಡು ಹೋಗುವ ಚಕ್ರದ ಮನೆ, ಸಿಕ್ಕಿಸಿಕೊಂಡು ಫ್ಲ್ಯಾಗ್‌ಸ್ಟಾಫ್ ಕಡೆ ಓಡುತ್ತೇವೆ. ಅಲ್ಲಿ ಪೈನ್ ಮರಗಳು, ತಂಪು, ರಾತ್ರಿ ಸ್ವೆಟರ್ ಬೇಕು.

ನಮ್ಮ ಮೊದಲ ಟ್ರೇಲರ್ ಸೆಕೆಂಡ್ ಹ್ಯಾಂಡ್. ಎರಡು ಆಕ್ಸಲ್, ನಾಲ್ಕು ಚಕ್ರ. ಮಾರಿದವನು ಚಕ್ರದ ನಡುವಿನ ರಬ್ಬರ್ ಬಿರಡೆ ತೆಗೆದು, ಒಳಗಿದ್ದ ಪುಟ್ಟ ಗ್ರೀಸ್ ನಿಪ್ಪಲ್ ತೋರಿಸಿದ. "ವರ್ಷಕ್ಕೆ ಎರಡು ಸಲ ಇಲ್ಲಿ ಗ್ರೀಸ್ ಗನ್ ಇಟ್ಟು ಪಂಪ್ ಹೊಡೆದರಾಯಿತು. ಬಿಚ್ಚುವ ಮಾತೇ ಇಲ್ಲ, ಮೆಂಟೆನೆನ್ಸ್-ಫ್ರೀ" ಅಂದ. ನನಗೂ ಅಷ್ಟೇ ಬೇಕಿತ್ತು.

ತಪ್ಪು ಮಾಡಿದ್ದು ಇಲ್ಲಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೊರಡುವ ದಿನ ಬೆಳಿಗ್ಗೆ ಮನೆ ಮುಂದೆ ಕೂತು ನಾಲ್ಕೂ ಚಕ್ರಕ್ಕೆ ಗ್ರೀಸ್ ಹೊಡೆದೆ. ಜಾಕ್ ಹಾಕಲಿಲ್ಲ. ಚಕ್ರ ತಿರುಗಿಸಲಿಲ್ಲ. ಅವಸರದಲ್ಲಿ ಚಕಚಕ ಅಂತ ಪಂಪ್ ಮಾಡಿದೆ. ಹಿಂದಿನ ಎಡಚಕ್ರ ಮಾತ್ರ ಎಷ್ಟು ಹಾಕಿದರೂ ಕುಡಿಯುತ್ತಲೇ ಇತ್ತು. ಹಬ್, ಅಂದರೆ ಚಕ್ರದ ನಡುಭಾಗದ ಒಳಗೆ ಟೊಳ್ಳು ಇರುತ್ತದೆ, ಮೊದಲ ಸಲ ಜಾಸ್ತಿ ಹಿಡಿಯುತ್ತದೆ ಅಂತ ಎಲ್ಲೋ ಓದಿದ್ದೆ. ಹಾಗಾಗಿ ಅನುಮಾನ ಬರಲಿಲ್ಲ. ಹಸಿದ ಮಗುವಿಗೆ ಉಣಿಸುತ್ತಿದ್ದೇನೆ ಅನ್ನುವ ಹಾಗೆ ಹಾಕುತ್ತಲೇ ಹೋದೆ.

ಒಂದೊಂದು ಚಕ್ರಕ್ಕೂ ಒಳಗೊಂದು, ಹೊರಗೊಂದು ಬೇರಿಂಗ್ ಇರುತ್ತದೆ. ಆ ನಿಪ್ಪಲ್‌ನಿಂದ ಹೋದ ಗ್ರೀಸ್ ಮೊದಲು ಸೇರುವುದು ಹೊರಬೇರಿಂಗಿಗೆ ಅಲ್ಲ. ಸ್ಪಿಂಡಲ್, ಅಂದರೆ ಚಕ್ರ ಕೂರುವ ಆಕ್ಸಲ್ ತುದಿಯ ಒಳಗಿನ ತೂತಿನಲ್ಲಿ ಹಾದು, ಕಟ್ಟಕಡೆಯಲ್ಲಿ, ಒಳಬೇರಿಂಗಿನ ಹಿಂದೆ ಹೊರಬರುತ್ತದೆ. ಅಲ್ಲಿಂದ ಒಳಬೇರಿಂಗ್ ದಾಟಿ, ಟೊಳ್ಳು ತುಂಬಿಸಿ, ಹೊರಬೇರಿಂಗ್ ದಾಟಿ ನಮ್ಮ ಕಣ್ಣಿಗೆ ಕಾಣಬೇಕು. ಚಕ್ರ ತಿರುಗುತ್ತಿದ್ದರೆ ರೋಲರ್‌ಗಳು ಅದನ್ನು ಮುಂದಕ್ಕೆ ಸಾಗಿಸುತ್ತವೆ. ನಿಂತ ಚಕ್ರಕ್ಕೆ ಗನ್ನಿನಿಂದ ನೂಕಿದರೆ? ಕೈಯಲ್ಲಿ ಒತ್ತುವ ಗನ್ನಿನಲ್ಲೂ ಸಾವಿರಾರು ಪಿಎಸ್‌ಐ ಒತ್ತಡ ಬರುತ್ತದೆ. ಹಿಂದೆ ಅದನ್ನು ತಡೆಯುವುದು ತೆಳ್ಳನೆಯ ರಬ್ಬರ್ ತುಟಿಯ ಒಂದು ಸೀಲ್. ಅದು ಬಾಯಿ ಬಿಟ್ಟಿತು. ಸೀಲಿನ ಆಚೆ ಇರುವುದು ಏನು? ಬ್ರೇಕ್. ಅಂದರೆ ನಾನು ಬೇರಿಂಗಿಗೆ ಅಂದುಕೊಂಡು ಅಷ್ಟು ಹೊತ್ತು ಬ್ರೇಕಿಗೆ ಗ್ರೀಸ್ ಉಣಿಸುತ್ತಿದ್ದೆ.

ಫ್ಲ್ಯಾಗ್‌ಸ್ಟಾಫ್ ಕಡೆ ಏರು ಹತ್ತುವಾಗಲೇ ಸುಳಿವು ಸಿಕ್ಕಿತ್ತು. ಟ್ರೇಲರ್ ಬ್ರೇಕ್ ಯಾಕೋ ಮೆತ್ತಗೆ ಅನ್ನಿಸಿತು. ನಾನು ಮಾಡಿದ್ದೇನು? ಟ್ರೇಲರ್ ಬ್ರೇಕಿನ ಬಲ ಹೊಂದಿಸುವ ಕಂಟ್ರೋಲರ್‌ನಲ್ಲಿ ಗೇನ್ 6 ಇದ್ದದ್ದನ್ನು 8 ಮಾಡಿದೆ. ಆಮೇಲೆ 10.

ಭಾನುವಾರ ವಾಪಸ್ ಹೊರಟೆವು. ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಐ-17 ಹೆದ್ದಾರಿ ಅಲ್ಲಿಂದ ಕ್ಯಾಂಪ್ ವರ್ಡೆ ತಲುಪುವಷ್ಟರಲ್ಲಿ 4,000 ಅಡಿಯಷ್ಟು ಇಳಿಯುತ್ತದೆ. ಆ ಇಳಿಜಾರಿನಲ್ಲಿ ಟ್ರೇಲರ್ ನಮ್ಮನ್ನು ಹಿಂದಿನಿಂದ ನೂಕತೊಡಗಿತು. ಹೆಂಡತಿ ಮಾತು ನಿಲ್ಲಿಸಿ ಬಾಗಿಲ ಹಿಡಿ ಗಟ್ಟಿ ಹಿಡಿದುಕೊಂಡಳು. ಲೋ ಗೇರ್ ಹಾಕಿ, ಟ್ರಕ್ಕಿನ ಬ್ರೇಕ್ ಬಿಟ್ಟು ಬಿಟ್ಟು ಒತ್ತುತ್ತ, ಹೇಗೋ ಕೆಳಗೆ ತಲುಪಿದೆ. ಇಳಿದು ನೋಡಿದರೆ ಟೈರಿನ ಒಳಮೈ ತುಂಬ ಗ್ರೀಸ್ ಚಿಮ್ಮಿದೆ, ಸುಟ್ಟ ವಾಸನೆ.

ಮೆಕ್ಯಾನಿಕ್ ಬಂದು ಬ್ರೇಕನ್ನು ಮುಚ್ಚಿರುವ ಡ್ರಮ್ ಎಳೆದ. ನಾನು ದಾವಣಗೆರೆಯವನು. ಬ್ರೇಕ್ ಶೂ ನೋಡಿದಾಗ ನೆನಪಾದದ್ದು ಬೆಣ್ಣೆ ದೋಸೆ. ನಾಲ್ಕರಲ್ಲಿ ಮೂರು ಚಕ್ರದ್ದೂ ಇದೇ ಗತಿ. ಶೂ ಮೇಲಿನ ಲೈನಿಂಗ್ ಒಮ್ಮೆ ಗ್ರೀಸ್ ಕುಡಿದರೆ ತೊಳೆದು ಪ್ರಯೋಜನವಿಲ್ಲ, ಬಿಸಿಯಾದಾಗಲೆಲ್ಲ ಮತ್ತೆ ಒಸರುತ್ತದೆ. ಎಲ್ಲ ಹೊಸದು ಹಾಕಿಸಿದೆ. ತಮಾಷೆ ಅಂದರೆ ಬೇರಿಂಗ್‌ಗಳು ಫಳಫಳ ಹೊಳೆಯುತ್ತಿದ್ದವು!

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಕೇಳುತ್ತಿರುವುದು ನಿಪ್ಪಲ್ ಇರುವುದಲ್ಲ, ಪೂರ್ತಿ ಸೀಲ್ ಆದ ಕಾರ್ಟ್ರಿಜ್ ಬೇರಿಂಗ್ ಅನ್ನಿಸುತ್ತದೆ. ಈಗಿನ ನಮ್ಮ ಟ್ರೇಲರ್‌ನಲ್ಲಿ ಅದೇ ಇದೆ. ಒಳ್ಳೆಯ ವಸ್ತುವೇ, ಗ್ರೀಸ್ ಹಾಕಬೇಕಿಲ್ಲ ಅನ್ನುವುದೂ ನಿಜ. ಆದರೆ ಅದಕ್ಕೂ 12 ತಿಂಗಳಿಗೊಮ್ಮೆ ಅಥವಾ 12,000 ಮೈಲಿಗೊಮ್ಮೆ ತಪಾಸಣೆ ಮಾಡಿ ಅಂತ ಕೈಪಿಡಿಯಲ್ಲೇ ಬರೆದಿದೆ. ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ತಿರುಗಿಸಿ ಕಿವಿಗೊಡಿ. ಗರಗರ ಸದ್ದು ಬಂದರೆ, ಅಲುಗಾಟ ಜಾಸ್ತಿ ಇದ್ದರೆ ಇಡೀ ಕಾರ್ಟ್ರಿಜ್ ಬದಲಾಯಿಸಬೇಕು. ಅದಕ್ಕೆ ಪ್ರೆಸ್ ಬೇಕು, ರಸ್ತೆ ಬದಿಯಲ್ಲಿ ಆಗುವ ಕೆಲಸವಲ್ಲ. ಗ್ರೀಸ್ ಹಾಕುವ ಹಳೆ ಬಗೆಯದಾದರೆ, 3,500 ಪೌಂಡ್ ಆಕ್ಸಲ್‌ಗೆ ಸಾಮಾನ್ಯವಾಗಿ ಹಾಕುವ ಎಲ್‌44649, ಎಲ್‌68149 ನಂಬರಿನ ಬೇರಿಂಗ್‌ಗಳು ಸಣ್ಣ ಊರಿನ ಆಟೋ ಅಂಗಡಿಯಲ್ಲೂ ಸಿಗುತ್ತವೆ.

ಇನ್ನೊಂದು ಎಚ್ಚರಿಕೆ. ಹಳೆ ಬಗೆಯ ಬೇರಿಂಗ್ ಹಿಡಿದಿಡುವ ನಟ್ಟನ್ನು ಹಬ್ ತಿರುಗಿಸುತ್ತ 50 ಅಡಿ-ಪೌಂಡಿನಷ್ಟು ಬಿಗಿದು, ಸಡಿಲಿಸಿ, ಕೊನೆಗೆ ಬೆರಳಲ್ಲೇ ತಿರುಗಿಸಿ ನಿಲ್ಲಿಸಬೇಕು. ಸೀಲ್ ಆದದ್ದರ ನಟ್ಟಿಗೆ ಸುಮಾರು 145 ಅಡಿ-ಪೌಂಡ್ ಬಿಗಿತ ಬೇಕು. ಒಂದರ ಪಾಠ ಇನ್ನೊಂದಕ್ಕೆ ಹಾಕಿದರೆ ಬೇರಿಂಗ್ ಹೋಯಿತು ಅಂತಲೇ ಲೆಕ್ಕ.

ಆದರೆ "ಚಕ್ರ ಬಿಚ್ಚುವುದು ತಪ್ಪುತ್ತದಾ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡ್ರಮ್ ತೆಗೆಯದೆ ಬ್ರೇಕ್ ಶೂ ಸವೆದಿದೆಯಾ, ಬ್ರೇಕ್ ಹಿಡಿಸುವ ಮ್ಯಾಗ್ನೆಟ್ ಸರಿಯಿದೆಯಾ ಅಂತ ಹೇಗೆ ನೋಡುತ್ತೀರಿ? ಬೇರಿಂಗ್ ಯಾವುದೇ ಇರಲಿ, ವರ್ಷಕ್ಕೊಮ್ಮೆ ಡ್ರಮ್ ಈಚೆ ಬರಲೇಬೇಕು. ನಮ್ಮಜ್ಜ ಕೊಟ್ಟೂರು ಜಾತ್ರೆಗೆ ಕಮಾನು ಗಾಡಿ ಕಟ್ಟುವ ಹಿಂದಿನ ದಿನ ಗಾಲಿ ಕಳಚಿ, ಅಚ್ಚು ಒರೆಸಿ, ಬಿರುಕು ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಕೀಲೆಣ್ಣೆ ಹಚ್ಚಿ ಕಡಾಣಿ ಬಡಿಯುತ್ತಿದ್ದರು. ಎಣ್ಣೆ ಹಚ್ಚಲು ಎರಡು ನಿಮಿಷ, ನೋಡಲು ಅರ್ಧ ಗಂಟೆ. ನಾನು ಆ ಅರ್ಧ ಗಂಟೆ ಉಳಿಸಲು ಹೋಗಿದ್ದೆ.

ಹಾಗಾಗಿ ಬೇರಿಂಗ್ ಒಂದಕ್ಕೇ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಒಳ್ಳೆಯ ಜಾಕ್, ಟಾರ್ಕ್ ರೆಂಚ್, ಹಬ್ ಬಿಸಿ ನೋಡಲು ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಬರುತ್ತದೆ. ನೀವು ನೋಡಿರುವ ಟ್ರೇಲರ್‌ನ ಆಕ್ಸಲ್ ಕೊಳವೆ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರ ಫೋಟೋ ಹಾಕಿ, ಯಾವ ಬಗೆಯದು ಅಂತ ನೋಡೋಣ.