ಚಿನ್ನದ ಕಣಗಳನ್ನು ಸಾಲಾಗಿ ಕೂರಿಸುವವರು ಯಾರು?

ಪ್ರಶ್ನೆ: ಚಿನ್ನದ ನ್ಯಾನೋಕಣಗಳು ಗಾಜಿನ ಮೇಲೆ ತಾವಾಗಿಯೇ ಸಮಾನ ಅಂತರದಲ್ಲಿ ಜೋಡಣೆಗೊಳ್ಳುತ್ತವೆ ಎಂದು ಓದಿದೆ. ಇದು ಹೇಗೆ ಸಾಧ್ಯ? ನಮಗೆ ಬೇಕಾದ ವಿನ್ಯಾಸವನ್ನೂ ಹೀಗೆಯೇ ಪಡೆಯಬಹುದೇ?

ಉತ್ತರ: ಕಣಗಳಿರುವ ದ್ರಾವಣದ ಹನಿಯೊಂದನ್ನು ಗಾಜಿನ ಮೇಲೆ ಸುಮ್ಮನೆ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಉಳಿಯುವುದು ಒಂದು ಉಂಗುರದ ಕಲೆ ಮಾತ್ರ. ಅಂಚಿನಲ್ಲಿ ದ್ರವವು ಬೇಗ ಆವಿಯಾಗುವುದರಿಂದ ಒಳಗಿನ ದ್ರವವು ಅತ್ತ ಹರಿದು ಕಣಗಳನ್ನೂ ಹೊತ್ತೊಯ್ಯುತ್ತದೆ. ಆದ್ದರಿಂದ ಅಂತರವನ್ನು ಕಾಯುವ ಕೆಲಸವನ್ನು ಬೇರೊಂದು ವಸ್ತುವಿಗೆ ವಹಿಸಬೇಕಾಗುತ್ತದೆ.

ಆ ವಸ್ತುವೇ ಪಾಲಿಮರ್, ಅಂದರೆ ಚಿಕ್ಕ ಘಟಕಗಳು ಸರಪಳಿಯಂತೆ ಬೆಸೆದುಕೊಂಡ ಉದ್ದನೆಯ ಅಣು. ಪಾಲಿಸ್ಟೈರೀನ್ ಮತ್ತು ಪಾಲಿವಿನೈಲ್‌ಪಿರಿಡೀನ್ ಸರಪಳಿಗಳನ್ನು ತುದಿಗೆ ತುದಿ ಬೆಸೆದ ಪಾಲಿಮರನ್ನು ಟಾಲ್ವೀನ್ ಎಂಬ ದ್ರಾವಕದಲ್ಲಿ ಬೆರೆಸಿದಾಗ, ಆ ದ್ರಾವಕಕ್ಕೆ ಒಗ್ಗದ ಪಿರಿಡೀನ್ ಭಾಗವು ಒಳಗೆ ಅಡಗಿ, ಒಗ್ಗುವ ಸ್ಟೈರೀನ್ ಭಾಗವು ಹೊರಗೆ ಚಾಚಿಕೊಂಡು, ಮಿಸೆಲ್ ಎಂಬ ಸೂಕ್ಷ್ಮ ಗೋಳಗಳು ರೂಪುಗೊಳ್ಳುತ್ತವೆ. ಇದಕ್ಕೆ ಚಿನ್ನದ ಲವಣವನ್ನು ಸೇರಿಸಿದರೆ ಅದು ಗೋಳಗಳ ತಿರುಳನ್ನು ಸೇರುತ್ತದೆ. ಗಾಜನ್ನು ಈ ದ್ರಾವಣದಲ್ಲಿ ಅದ್ದಿ ಒಂದೇ ವೇಗದಲ್ಲಿ ಮೇಲೆತ್ತಿದಾಗ ಗೋಳಗಳು ಒತ್ತೊತ್ತಾಗಿ ಒಂದೇ ಪದರದಲ್ಲಿ, ಪ್ರತಿಯೊಂದಕ್ಕೂ ಆರು ನೆರೆಗೋಳಗಳಿರುವಂತೆ ಕೂರುತ್ತವೆ. ಬಳಿಕ ಪ್ಲಾಸ್ಮಾದಿಂದ (ವಿದ್ಯುದಾವೇಶಗೊಂಡ ಅನಿಲದಿಂದ) ಪಾಲಿಮರನ್ನು ತೆಗೆದುಹಾಕಿದರೆ, ಗೋಳವಿದ್ದ ಒಂದೊಂದು ಜಾಗದಲ್ಲೂ ಒಂದೊಂದು ಚಿನ್ನದ ಕಣ ಉಳಿಯುತ್ತದೆ. ಲವಣದ ಪ್ರಮಾಣವು ಕಣದ ಗಾತ್ರವನ್ನೂ, ಸರಪಳಿಯ ಉದ್ದ ಮತ್ತು ಮೇಲೆತ್ತುವ ವೇಗಗಳು ಅಂತರವನ್ನೂ ನಿರ್ಧರಿಸುತ್ತವೆ.

ಈ ಅಂತರಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಜೀವಕೋಶಗಳದು. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜೀವಕೋಶವು ಹಿಡಿದುಕೊಳ್ಳಬಲ್ಲ ಪೆಪ್ಟೈಡನ್ನು (ಪ್ರೋಟೀನಿನ ಚಿಕ್ಕ ತುಣುಕಿನಂಥ ಅಣುವನ್ನು) ಚಿನ್ನದ ಚುಕ್ಕಿಗಳಿಗಷ್ಟೇ ಅಂಟಿಸಲಾಗಿತ್ತು; ಚುಕ್ಕಿಗಳ ಅಂತರ 58 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಇದ್ದಾಗ ಜೀವಕೋಶಗಳು ಚೆನ್ನಾಗಿ ಅಂಟಿ ಹರಡಿಕೊಂಡವು, 73 ನ್ಯಾನೋಮೀಟರ್ ಆದಾಗ ಹಾಗೆ ಅಂಟಿಕೊಳ್ಳಲಿಲ್ಲ.

ಇನ್ನು ಬೇಕಾದ ವಿನ್ಯಾಸದ ಮಾತು. ಮೇಲಿನ ವಿಧಾನದಿಂದ ಸಿಗುವುದು ಒಂದೇ ಬಗೆಯ ಜಾಲ. ಅದರ ಕ್ರಮವೂ ಸಣ್ಣ ಸಣ್ಣ ಪ್ರದೇಶಗಳಿಗೆ ಸೀಮಿತವಾಗಿದ್ದು, ಎರಡು ಪ್ರದೇಶಗಳು ಸೇರುವಲ್ಲಿ ಸಾಲು ತಪ್ಪುತ್ತದೆ. ಎಲೆಕ್ಟ್ರಾನ್ ಕಿರಣದಿಂದ ಯಾವ ಆಕೃತಿಯನ್ನಾದರೂ ಕೊರೆಯಬಹುದಾದರೂ, ಅದು ಬಿಂದುವಿನಿಂದ ಬಿಂದುವಿಗೆ ಸಾಗುವ ನಿಧಾನದ ಕೆಲಸ. ಹೀಗಾಗಿ ದೊಡ್ಡ ಗೆರೆಗಳನ್ನೋ ತೋಡುಗಳನ್ನೋ ಮೊದಲು ಕೊರೆದು, ಅವುಗಳೊಳಗಿನ ಸೂಕ್ಷ್ಮ ಜೋಡಣೆಯನ್ನು ಪಾಲಿಮರಿಗೆ ಬಿಡುವ ಮಿಶ್ರ ವಿಧಾನವೇ ಹೆಚ್ಚು ವಿವೇಕದ್ದೆಂದು ನನಗೆ ತೋರುತ್ತದೆ. ಬೆರಳೆಣಿಕೆಯ ಕಣಗಳನ್ನು ನಿರ್ದಿಷ್ಟ ಸ್ಥಾನಗಳಲ್ಲೇ ಇಡಬೇಕಾದರೆ, 2006ರಲ್ಲಿ ವಿಜ್ಞಾನಿ ಪಾಲ್ ರಾಥೆಮಂಡ್ ಅವರು ತೋರಿಸಿಕೊಟ್ಟ ಡಿಎನ್‌ಎ ಒರಿಗಾಮಿಯನ್ನು (ಡಿಎನ್‌ಎ ಎಳೆಯನ್ನು ಮಡಚಿ ಮಾಡಿದ ಆಕೃತಿಯನ್ನು) ಅಡಿಹಾಸಾಗಿ ಬಳಸಬಹುದು. ಅದರ ಎಳೆಗಳಿಗೆ ಜೋಡಿಯಾಗಿ ಹೊಂದುವ ಡಿಎನ್‌ಎ ಎಳೆಗಳನ್ನು ಹೊತ್ತ ಚಿನ್ನದ ಕಣಗಳು ಅದರ ಮೇಲೆ ಗೊತ್ತುಪಡಿಸಿದ ಜಾಗಗಳಲ್ಲೇ ಬಂದು ಕೂರುತ್ತವೆ.