ಮುಟ್ಟಾದ ಮಾತ್ರಕ್ಕೆ ಅಂಡಾಣು ಬಂತು ಅಂತಲ್ಲ

ನಮಸ್ಕಾರ.

ಮಗುವಿಗಾಗಿ ಕಾಯುತ್ತಿರುವ ಹೆಂಗಸರಿಗೆ ಅಂತ ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ. ತೊಂದರೆ ಇರುವುದು ಎರಡನೇ ಪುಟದ ಈ ಸಾಲಿನಲ್ಲಿ: ‘ತಿಂಗಳು ತಿಂಗಳು ಮುಟ್ಟಾಗುತ್ತಿದ್ದರೆ ಅಂಡಾಣು ಬಿಡುಗಡೆ ಆಗುತ್ತಿದೆ ಎಂದೇ ಅರ್ಥ.’ ಇದು ತಪ್ಪು. ಇದನ್ನು ನಂಬಿದವಳು ಡಾಕ್ಟರ ಹತ್ತಿರ ಹೋಗದೆ ವರ್ಷಗಟ್ಟಲೆ ಕಾಯುತ್ತಾಳೆ.

ಅಂಡಾಣು ಹೊರಬಿದ್ದ ಮೇಲೆ ಅಂಡಾಶಯದ ಅದೇ ಜಾಗದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಾಗುತ್ತದೆ. ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಅದೇ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನದಲ್ಲಿ ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿ ಮುಟ್ಟಾಗುತ್ತದೆ. ಅಂಡಾಣು ಬರದಿದ್ದರೆ ಪ್ರೊಜೆಸ್ಟರಾನೂ ಇಲ್ಲ. ಈಸ್ಟ್ರೊಜನ್ ಎಂಬ ಇನ್ನೊಂದು ಹಾರ್ಮೋನು ಮಾತ್ರ ಆ ಪದರವನ್ನು ಬೆಳೆಸುತ್ತಾ ಹೋಗುತ್ತದೆ. ಕೊನೆಗೆ ಪದರ ತಾಳಲಾರದೆ ಅಲ್ಲಲ್ಲಿ ಕಳಚುತ್ತದೆ. ಹಾಗಾಗಿ ಕೆಲವರಿಗೆ ಎರಡು ತಿಂಗಳು ಏನೂ ಇರುವುದಿಲ್ಲ, ಆಮೇಲೆ ಹತ್ತು ಹದಿನೈದು ದಿನ ಹೋಗುತ್ತಲೇ ಇರುತ್ತದೆ. ಇನ್ನು ಕೆಲವರಿಗೆ ಅಂಡಾಣು ಬರದಿದ್ದರೂ ರಕ್ತಸ್ರಾವ ದಿನಕ್ಕೆ ಸರಿಯಾಗಿಯೇ ಬಂದುಬಿಡುತ್ತದೆ. ಪ್ಯಾಡ್ ನೋಡಿ ಯಾರೂ ವ್ಯತ್ಯಾಸ ಹೇಳಲಾರರು. ಇದನ್ನು ಬಿಡಿಸಿ ಬರೆಯಿರಿ, ಲೇಖನದ ಜೀವ ಇಲ್ಲಿದೆ.

ಅಂಡಾಣು ಬರದಿರುವುದಕ್ಕೆ ನೀವು ಕೊಟ್ಟ ಕಾರಣಗಳ ಪಟ್ಟಿ ಜಾಸ್ತಿ ಆಯಿತು. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಲಿಯದ ತೊಂದರೆ), ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಜಾಸ್ತಿಯಾಗುವುದು, ತೂಕದ ಏರುಪೇರು, ಇಷ್ಟು ಸಾಕು. ಮೈನೆರೆದ ಮೊದಲ ಒಂದೆರಡು ವರ್ಷ ಹೀಗಾಗುವುದು ಸಹಜ ಅಂತಲೂ ಸೇರಿಸಿ. ತಾಯಂದಿರು ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ.

ಅಂಡಾಣು ಬಂತೋ ಇಲ್ಲವೋ ತಿಳಿಯಲು ‘21ನೇ ದಿನ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿ’ ಎಂದಿದ್ದೀರಿ. ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. 35 ದಿನಕ್ಕೆ ಆಗುವವಳು 28ನೇ ದಿನ ರಕ್ತ ಕೊಡಬೇಕು. ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ಎಂದು ಬರೆಯಿರಿ.

‘ಇಂಥವರಿಗೆ ಮಕ್ಕಳಾಗುವುದಿಲ್ಲ’ ಎಂಬ ಮಾತನ್ನಂತೂ ತೆಗೆಯಲೇಬೇಕು. ಮನೆಯಲ್ಲಿ ಈಗಾಗಲೇ ಚುಚ್ಚುಮಾತು ಕೇಳಿ ಬಂದವಳೂ ಅದನ್ನು ಓದುತ್ತಾಳೆ ಅಲ್ವಾ? ಅಂಡಾಣು ಬರದ ತಿಂಗಳು ಗರ್ಭ ನಿಲ್ಲುವುದಿಲ್ಲ, ನಿಜ. ಆದರೆ ಮಕ್ಕಳಾಗದಿರುವ ಕಾರಣಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು ಇದು. ಪಿಸಿಒಡಿ ಇದ್ದವರಿಗೆ ಅಂಡಾಣು ಬರಲೆಂದು ಡಾಕ್ಟರು ಸಾಮಾನ್ಯವಾಗಿ ಮೊದಲು ಕೊಡುವುದು ಲೆಟ್ರೊಜೋಲ್ ಮಾತ್ರೆ. ತೂಕ ಜಾಸ್ತಿ ಇದ್ದರೆ ಶೇ. 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಅಂಡಾಣು ತಾನಾಗಿ ಬರತೊಡಗುತ್ತದೆ. ಮಗು ಸದ್ಯಕ್ಕೆ ಬೇಡ ಎನ್ನುವವರಿಗೂ ಒಂದು ಸಾಲು ಇರಲಿ: ಯಾವ ತಿಂಗಳು ಬೇಕಾದರೂ ಅಂಡಾಣು ಬರಬಹುದು, ಎಚ್ಚರ ಬಿಡುವಂತಿಲ್ಲ.

ತಿದ್ದಿದ ಮೇಲೆ ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲೇ ಹಾಕಬೇಕೆಂದು ನನಗೆ ಆಸೆಯಿದೆ.